ನಮ್ಮ ಸಿನಿಮಾಗೆ ಇವತ್ತು 25 ದಿನ

ಮೊದಲ ಶುಕ್ರವಾರದ ಮಾರ್ನಿಂಗ್ ಶೋ. ಕೊನೆಯ ಸಾಲಿನಲ್ಲಿ ಕೂತು ತಲೆ ಎಣಿಸಿದ್ದೆ, 31 ಜನ ಇದ್ದರು. ಮೊದಲ ಥ್ಯಾಂಕ್ಸ್ ಆ 31 ಜನಕ್ಕೆ. ನೀವು ಹೊರಗೆ ಹೋಗಿ ನಾಲ್ಕು ಜನಕ್ಕೆ ಹೇಳದೇ ಇದ್ದಿದ್ದರೆ ಭಾನುವಾರ ಬಾಲ್ಕನಿ ತುಂಬುತ್ತಲೇ ಇರಲಿಲ್ಲ, ಇವತ್ತು ಈ 25ನೇ ದಿನವೂ ಬರುತ್ತಿರಲಿಲ್ಲ.

ನೀರಿಲ್ಲದ ಪಾಳು ಭೂಮಿ, ಒಂದು ಮೂರು ಚಕ್ರದ ಗಾಡಿ, ಒಬ್ಬರನ್ನೊಬ್ಬರು ನಂಬದ ಇಬ್ಬರು. ಕಥೆ ಇಷ್ಟೇ. ಆದರೆ ನಿಮ್ಮ ಮೆಸೇಜುಗಳಲ್ಲಿ ಜಾಸ್ತಿ ಇದ್ದದ್ದು ಫೈಟ್ ಬಗ್ಗೆ ಅಲ್ಲ, ಇಬ್ಬರೂ ಒಂದೇ ಸಾಸರ್‌ನಲ್ಲಿ ಟೀ ಕುಡಿಯುವ ಸೀನ್ ಬಗ್ಗೆ. ಆ ಸೀನ್ ಸ್ಕ್ರಿಪ್ಟಿನಲ್ಲಿ ಇರಲೇ ಇಲ್ಲ.

ನಾವು ಶೂಟ್ ಮಾಡಿದ್ದು ಗುಜರಾತಿನಲ್ಲಿ, ಕಚ್ಛದ ಚಿಕ್ಕ ರಣ್ ಅನ್ನುವ ಉಪ್ಪು ಬಯಲಿನ ಅಂಚಿನ ಖಾರಾಘೋಡಾ ಕಡೆ. ಮಳೆಗಾಲದಲ್ಲಿ ಅದೆಲ್ಲ ನೀರು. ನೀರು ಇಳಿದ ಮೇಲೆ ಅಗರಿಯಾ ಕುಟುಂಬಗಳು ಬಂದು ಗುಡಿಸಲು ಹಾಕಿ, ನೆಲದಡಿಯ ಉಪ್ಪುನೀರನ್ನು ಮೇಲೆತ್ತಿ, ಮಡಿಗಳಲ್ಲಿ ಒಣಗಿಸಿ ಉಪ್ಪು ಬೆಳೆಯುತ್ತಾರೆ, ಬೇಸಿಗೆಯವರೆಗೂ ಅಲ್ಲೇ ವಾಸ. ಗೋಕರ್ಣದ ಹತ್ತಿರ ಸಾಣಿಕಟ್ಟಾದಲ್ಲಿ ನಾವು ಉಪ್ಪಿನ ಆಗರ ಅಂತೀವಲ್ಲ, ಅವರಿಗೂ ಅದು ಅಗರ್!

ಆ ನೆಲ ಮೇಲೆ ಒಣಗಿ ಬಿರುಕು ಬಿಟ್ಟಿರುತ್ತದೆ, ಅಡಿಯಲ್ಲಿ ಕೆಸರು. ಆರನೇ ದಿನ ಸಂಜೆ ಕ್ಯಾಮೆರಾ ಜೀಪು ಹೂತುಹೋಯಿತು, ಇಳಿಯುವಾಗ ನಮ್ಮ ಫೈಟರ್ ಹುಡುಗ ಬಿದ್ದು ಭುಜ ಜಾರಿತು, ತಂದಿದ್ದ ನೀರು ಆಗಲೇ ಮುಗಿದಿತ್ತು. ಒಂದು ಗುಡಿಸಲಿನವರು ಟ್ರ್ಯಾಕ್ಟರ್ ತಂದು ಎಳೆದರು. ಅವರಿಗೆ ಕುಡಿಯುವ ನೀರು ಬರುವುದೇ ಟ್ಯಾಂಕರಿನಲ್ಲಿ, ಅದೂ ದಿನ ಬರುವುದಿಲ್ಲ. ಆ ನೀರಿನಲ್ಲೇ 14 ಜನಕ್ಕೆ ಟೀ ಮಾಡಿದರು. ಲೋಟ ಸಾಲದೆ, ಮನೆಯ ಅಜ್ಜಿ ಸಾಸರ್‌ಗೆ ಸುರಿದು ಇಬ್ಬಿಬ್ಬರಿಗೆ ಒಂದೊಂದು ಕೊಟ್ಟರು. ಬೆಳಗಿನಿಂದ ಮಾತು ಬಿಟ್ಟಿದ್ದ ನನಗೂ ಕ್ಯಾಮೆರಾಮನ್‌ಗೂ ಬಂದದ್ದು ಒಂದೇ ಸಾಸರ್. ರಾತ್ರಿ ಕೂತು ಸೀನ್ ಬರೆದೆ, ಮರುದಿನ ತೆಗೆದೆವು.

ಸಿನಿಮಾದ ಆ ಮೂರು ಚಕ್ರದ ಗಾಡಿಯನ್ನು ನಾವೇ ಡಿಸೈನ್ ಮಾಡಿದ್ದು ಅಂತ ಸುಮಾರು ಜನ ಹೊಗಳಿದ್ದೀರಿ. ಅಲ್ಲ, ಅದು ಛಕಡೋ. ಮುಂದೆ ಬೈಕ್, ಹಿಂದೆ ತೊಟ್ಟಿ, ಸೌರಾಷ್ಟ್ರದ ಹಳ್ಳಿಗಳಲ್ಲಿ ಜನ, ದನದ ಮೇವು ಎಲ್ಲ ಅದರಲ್ಲೇ ಓಡಾಡಿದ್ದು. ನಮಗೆ ಬಾಡಿಗೆಗೆ ಕೊಟ್ಟು, ದಿನವೂ ರಿಪೇರಿಗೆ ಬಂದ ಮೆಕ್ಯಾನಿಕ್ ಅಣ್ಣನಿಗೆ ಆ ಹೊಗಳಿಕೆ ಸೇರಬೇಕು.

ಮೂರನೇ ಚೇಸ್ ಎಳೆದಂತಿದೆ ಎಂದವರಿಗೂ ಥ್ಯಾಂಕ್ಸ್. ನಿಜ, ಅದು ಬೇಡವಾಗಿತ್ತು. ಎರಡನೇ ವಾರ ದೊಡ್ಡ ಸಿನಿಮಾ ಬಂದು ಎಲ್ಲ ಕಡೆ ಶೋ ಹೋದಾಗ, ಒಂದೇ ಒಂದು ಮ್ಯಾಟಿನಿ ಉಳಿಸಿಕೊಟ್ಟ ಥಿಯೇಟರ್ ಮ್ಯಾನೇಜರ್ ಸರ್, ನಿಮ್ಮನ್ನು ಮರೆಯುವುದಿಲ್ಲ.

ಟೀ ಸೀನನ್ನು ಮೊನ್ನೆ ಅಜ್ಜಿಯ ಮೊಮ್ಮಗನ ಫೋನಿಗೆ ಕಳಿಸಿದೆ. ಸಿನಿಮಾ ಬಗ್ಗೆ ಅಜ್ಜಿ ಏನೂ ಹೇಳಲಿಲ್ಲವಂತೆ. ಆ ಹುಡುಗನ ಭುಜ ಹೇಗಿದೆ ಅಂತ ಕೇಳಿದರಂತೆ. ವಾಸಿಯಾಗಿದೆ ಅಜ್ಜಿ, ಸೋಮವಾರದಿಂದ ಕೆಲಸಕ್ಕೆ ಬರುತ್ತಿದ್ದಾನೆ.