ಬಳಸಿದ ಎಕ್ಸ್‌ಕವೇಟರ್‌ಗಳ ಸಂವಹನ ದೋಷ: ಸದಸ್ಯರ ಗಮನಕ್ಕೆ

ಮಾನ್ಯ ಸದಸ್ಯರೇ,

ಯಂತ್ರದ ಮಾನಿಟರ್‌ನಲ್ಲಿ ಸಂವಹನ ದೋಷದ ಕೋಡ್ ಕಾಣಿಸಿದ ಕೂಡಲೇ ದುಬಾರಿ ಕಂಟ್ರೋಲರ್ (ಯಂತ್ರದ ಭಾಗಗಳನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಘಟಕ) ಬದಲಿಸಲು ದಯವಿಟ್ಟು ಮುಂದಾಗಬೇಡಿ. ಹಳೆಯ ಯಂತ್ರಗಳಲ್ಲಿ ಬಹುತೇಕ ವೈರಿಂಗ್, ಕನೆಕ್ಟರ್ ಅಥವಾ ಅರ್ಥಿಂಗ್ ಕಾರಣವಾಗಿರುತ್ತದೆ. ಮೊದಲು ಬ್ಯಾಟರಿ ವೋಲ್ಟೇಜ್, ಫ್ಯೂಸ್ ಮತ್ತು ಪ್ರತಿ ಕಂಟ್ರೋಲರ್‌ನ ಅರ್ಥ್ ಸಂಪರ್ಕವನ್ನು ನೋಡಿ.

ಅನಂತರ ಬ್ಯಾಟರಿಯ ಸಂಪರ್ಕ ತಪ್ಪಿಸಿ, ಕಂಟ್ರೋಲರ್‌ಗಳು ಪರಸ್ಪರ ಮಾಹಿತಿ ಹಂಚಿಕೊಳ್ಳುವ ಕ್ಯಾನ್ (CAN) ಜಾಲದ ಎರಡು ತಂತಿಗಳಾದ ಕ್ಯಾನ್ ಹೈ ಮತ್ತು ಕ್ಯಾನ್ ಲೋ ನಡುವಿನ ರೋಧವನ್ನು ಮಲ್ಟಿಮೀಟರ್‌ನಲ್ಲಿ ಅಳೆಯಿರಿ. ಸಾಮಾನ್ಯವಾಗಿ ಜಾಲದ ಎರಡು ತುದಿಗಳಲ್ಲಿ ತಲಾ 120 ಓಮ್ ರೆಸಿಸ್ಟರ್ ಇರುವುದರಿಂದ ಸುಮಾರು 60 ಓಮ್ ಬರಬೇಕು. 120 ಬಂದರೆ ಒಂದು ತುದಿಯ ರೆಸಿಸ್ಟರ್ ಅಥವಾ ಅಲ್ಲಿಗೆ ಹೋಗುವ ತಂತಿ ಕಡಿದಿರಬಹುದು, ಸೊನ್ನೆಯ ಹತ್ತಿರ ಬಂದರೆ ಎರಡು ತಂತಿಗಳು ಎಲ್ಲೋ ಒಂದಕ್ಕೊಂದು ತಾಗಿರಬಹುದು. ಆದರೆ 60 ಬಂದ ಮಾತ್ರಕ್ಕೆ ಜಾಲ ಸರಿಯಿದೆ ಎಂದು ತೀರ್ಮಾನಿಸಬೇಡಿ, ಏಕೆಂದರೆ ಒಂದೇ ತಂತಿ ಯಂತ್ರದ ಲೋಹದ ಚೌಕಟ್ಟಿಗೆ ತಾಗಿದ್ದರೂ ಈ ಅಳತೆ ಬದಲಾಗುವುದಿಲ್ಲ. ಆದ್ದರಿಂದ ಬ್ಯಾಟರಿ ಜೋಡಿಸಿ, ಕೀ ಆನ್ ಮಾಡಿ ಪ್ರತಿ ತಂತಿಯನ್ನೂ ಅರ್ಥ್‌ಗೆ ಹೋಲಿಸಿ ಅಳೆಯಿರಿ: ಹೈ 2.5 ವೋಲ್ಟ್‌ಗಿಂತ ತುಸು ಹೆಚ್ಚು, ಲೋ ತುಸು ಕಡಿಮೆ ಇರಬೇಕು.

ಹಿಂದಿನ ಮಾಲೀಕರು ಕ್ಯಾನ್ ತಂತಿಗೆ ಜೋಡಿಸಿದ ಜಿಪಿಎಸ್ ಸಾಧನವಿದ್ದರೆ ಮೊದಲು ಅದನ್ನು ಬೇರ್ಪಡಿಸಿ ನೋಡಿ. ದೋಷ ಬಂದು ಹೋಗುವಂತಿದ್ದರೆ ವೈರಿಂಗ್ ಉಜ್ಜುವ ತಿರುವುಗಳನ್ನೂ ನೀರು ಸೇರಿ ಹಸಿರುಗಟ್ಟಿದ ಪಿನ್‌ಗಳನ್ನೂ ತಾಳ್ಮೆಯಿಂದ ಹುಡುಕಿ.