ಐದು ಡಾಲರ್ ಟಿಕೆಟ್, 23 ನಿಮಿಷದ ಹಾರಾಟ

ಪ್ರೀತಿಯ ಪುಟ್ಟಿ,

ನಿಮ್ಮ ಅಮೆರಿಕದ ಫ್ಲೋರಿಡಾದಲ್ಲಿ ಟ್ಯಾಂಪಾದಿಂದ ಸೇಂಟ್ ಪೀಟರ್ಸ್‌ಬರ್ಗ್‌ಗೆ ದಿನಾ ಸೇತುವೆ ಮೇಲೆ ಹೋಗುವಾಗ ಟ್ರಾಫಿಕ್‌ಗೆ ಬೈತೀಯಲ್ಲ, ಅದೇ ಕೊಲ್ಲಿಯ ಮೇಲೆ 1914ರ ಜನವರಿ 1ರಂದು ಒಂದು ವಿಮಾನ ಸರ್ವಿಸ್ ಶುರುವಾಯಿತು. ಜರ್ಮನಿಯವರು ಅದಕ್ಕೂ ಮೊದಲೇ ಜೆಪ್ಪೆಲಿನ್ ಎಂಬ ಅನಿಲ ತುಂಬಿದ ಭಾರಿ ವಾಯುನೌಕೆಯಲ್ಲಿ ಜನರನ್ನು ಹಾರಿಸುತ್ತಿದ್ದರು, ನಿಜ. ಆದರೆ ರೆಕ್ಕೆಯ ವಿಮಾನಕ್ಕೆ ಟೈಮ್‌ಟೇಬಲ್ ಹಾಕಿ ಟಿಕೆಟ್ ಮಾರಿದ್ದು ಈ ಸರ್ವಿಸ್‌ನವರೇ ಮೊದಲು.

ಆಗ ಸೇತುವೆ ಇರಲಿಲ್ಲ. ಸ್ಟೀಮರಿಗೆ ಎರಡು ಗಂಟೆ ಬೇಕಿತ್ತು. ರೈಲು ಕೊಲ್ಲಿಯನ್ನೆಲ್ಲ ಸುತ್ತಿ ಬರಬೇಕು. ಪರ್ಸಿವಲ್ ಫ್ಯಾನ್ಸ್ಲರ್ ಎಂಬಾತ ಸೇಂಟ್ ಪೀಟರ್ಸ್‌ಬರ್ಗ್‌ನ ವ್ಯಾಪಾರಿಗಳನ್ನು ಈ ಸರ್ವಿಸ್‌ಗೆ ಒಪ್ಪಿಸಿದ. ನಷ್ಟವಾದರೆ ಮಾರ್ಚ್‌ವರೆಗೆ ಊರಿನವರೇ ತುಂಬಿಕೊಡುತ್ತೇವೆ ಅಂದರು. ವಿಮಾನ ಕೊಟ್ಟವನು ಸೇಂಟ್ ಲೂಯಿಸ್‌ನ ಥಾಮಸ್ ಬೆನೊಯಿಸ್ಟ್.

ನನಗೆ ಜಾಸ್ತಿ ಇಷ್ಟವಾಗಿದ್ದು ಆ ವಿಮಾನವೇ. ಕೆಳಗೆ ದೋಣಿಯ ಮೈ, ಮೇಲೆ ಎರಡು ಸಾಲು ರೆಕ್ಕೆ. ಭಾರ ಮೇಲಾಗಬಾರದೆಂದು ಎಂಜಿನ್ನನ್ನು ದೋಣಿಯೊಳಗೇ ಇಟ್ಟಿದ್ದರು. ಹಿಂದಿನ ಫ್ಯಾನ್ ತಿರುಗಲು ಸೈಕಲ್ಲಿಗಿದ್ದ ಹಾಗೆ ಚೈನು. ಪೈಲಟ್ ಪಕ್ಕದಲ್ಲಿ ಒಬ್ಬರಿಗೆ ಮಾತ್ರ ಜಾಗ, ತಲೆ ಮೇಲೆ ಸೂರಿಲ್ಲ.

ಮೊದಲ ಸೀಟನ್ನು ಹರಾಜು ಹಾಕಿದರು. ಮಾಜಿ ಮೇಯರ್ ಏಬ್ರಮ್ ಫೈಲ್ 400 ಡಾಲರ್‌ಗೆ ಕೂಗಿ ಹತ್ತಿದರು. ಪೈಲಟ್ ಟೋನಿ ಜ್ಯಾನಸ್. ದಾರಿಯಲ್ಲೇ ಚೈನು ತೊಂದರೆ ಕೊಟ್ಟಿತು. ಜ್ಯಾನಸ್ ಗಾಬರಿಯಾಗಲಿಲ್ಲ. ಕೊಲ್ಲಿಯ ನೀರಿಗೆ ಇಳಿಸಿ, ಚೈನು ಸರಿಮಾಡಿ, ಮತ್ತೆ ಎಬ್ಬಿಸಿದ. ಅಷ್ಟೆಲ್ಲ ಆಗಿಯೂ 23 ನಿಮಿಷಕ್ಕೆ ಟ್ಯಾಂಪಾ! ಕೆಳಗೆ ಎಲ್ಲಿ ನೋಡಿದರೂ ಇಳಿಯೋಕೆ ಜಾಗ ಇತ್ತಲ್ಲ, ಆ ಕಾಲದ ಎಂಜಿನ್ನಿಗೆ ಅದೇ ದೊಡ್ಡ ಧೈರ್ಯ.

ಮಾಮೂಲಿ ಟಿಕೆಟ್ಟಿಗೆ 5 ಡಾಲರ್. ಸಾಮಾನೂ ಸೇರಿ 200 ಪೌಂಡ್ (ಸುಮಾರು 90 ಕಿಲೋ) ದಾಟಿದರೆ ಹೆಚ್ಚಿಗೆ ಕೊಡಬೇಕು. ಈಗ ಬ್ಯಾಗ್ ಮಾತ್ರ ತೂಗುತ್ತಾರೆ, ಆಗ ನಮ್ಮನ್ನೂ ಸೇರಿಸಿ. ನಿಮ್ಮಮ್ಮನಿಗೆ ಇದನ್ನು ಹೇಳಿದೆ, 'ನೀವಾಗಿದ್ರೆ ಎರಡು ಟಿಕೆಟ್' ಅಂದಳು.

ಒಟ್ಟು 1205 ಜನ ಹೀಗೆ ಹಾರಿದರು. ಮಾರ್ಚ್ ಮುಗಿಯಿತು, ಊರಿನ ಸಹಾಯವೂ ನಿಂತಿತು. ಚಳಿಗಾಲ ಕಳೆಯಲು ಬಂದಿದ್ದ ಪ್ರವಾಸಿಗಳು ವಾಪಸ್ ಹೊರಟರು. ಮೇ ಮೊದಲ ವಾರ ಸರ್ವಿಸ್ಸೂ ನಿಂತಿತು. ಜನ ಇದನ್ನು ಸೋಲು ಅಂತಾರೆ. ನಾನು ಒಪ್ಪಲ್ಲ. ಸೀಸನ್ ಮುಗಿಯಿತು ಅಷ್ಟೇ. ಅದು ಬಿದ್ದು ನಿಂತಿದ್ದಲ್ಲ, ಗಿರಾಕಿ ಇಲ್ಲದೆ ನಿಂತಿದ್ದು.

ಜ್ಯಾನಸ್ 1916ರಲ್ಲಿ ರಷ್ಯಾದವರಿಗೆ ಹಾರಿಸಲು ಕಲಿಸುತ್ತಿದ್ದಾಗ ಕಪ್ಪು ಸಮುದ್ರಕ್ಕೆ ಬಿದ್ದು ತೀರಿಹೋದ. ಬೆನೊಯಿಸ್ಟ್ ಸತ್ತಿದ್ದು ಮರುವರ್ಷ, ಟ್ರಾಮಿನಿಂದ ಹೊರಗೆ ಬಗ್ಗಿದಾಗ ತಲೆಗೆ ಕಂಬ ಬಡಿದು.

ನಿನ್ನ ಆ ಸೇಂಟ್ ಪೀಟರ್ಸ್‌ಬರ್ಗ್‌ನ ಹಿಸ್ಟರಿ ಮ್ಯೂಸಿಯಂನಲ್ಲಿ ಈ ವಿಮಾನದ ನಕಲು ತೂಗುಹಾಕಿದ್ದಾರೆ. ಒಂದು ಭಾನುವಾರ ಹೋಗಿ ಬಾ. ಸೆಲ್ಫಿ ಬೇಡ, ಎಂಜಿನ್ ಹತ್ತಿರದ ಫೋಟೊ ಕಳಿಸು.

ಇಂತಿ,
ನಿನ್ನ ಅಪ್ಪ