ಸಂಜೆಯೇ ಮನೆಗೆ ಕಳಿಸಿದರೆ ರಾತ್ರಿ ನೋಡುವವರು ಯಾರು?

ಮಾನ್ಯ ಸಂಪಾದಕರೇ,

ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರನ್ನು ಅದೇ ದಿನ ಮನೆಗೆ ಕಳಿಸುವುದಾದರೆ, ಮುಂದಿನ ಕೆಲವು ದಿನಗಳ ನಿಗಾ ಆಸ್ಪತ್ರೆಯದೇ ಆಗಿರಬೇಕು. ಸಣ್ಣ ರಂಧ್ರಗಳ ಮೂಲಕ ಮಾಡುವ ಕೀಹೋಲ್ ವಿಧಾನದಿಂದ ಗಾಯ ಚಿಕ್ಕದಾಗಿದೆ, ರೋಗಿ ಬೇಗ ಎದ್ದು ಓಡಾಡುತ್ತಾರೆ. ಬೇರೆ ದೊಡ್ಡ ಕಾಯಿಲೆ ಇಲ್ಲದವರಿಗೆ ಈ ಪದ್ಧತಿ ಹೊಂದಬಹುದು, ಒಪ್ಪುತ್ತೇನೆ.

ಆದರೆ ಹೊರಗಿನ ಗಾಯ ಚಿಕ್ಕದು ಅಂದ ಮಾತ್ರಕ್ಕೆ ಒಳಗೆ ನಡೆದದ್ದು ಸಣ್ಣ ಕೆಲಸವಲ್ಲ, ಅಲ್ವಾ? ತೂಕ ಇಳಿಸುವ ಶಸ್ತ್ರಚಿಕಿತ್ಸೆಗಳಲ್ಲಿ ಒಂದಾದ ಸ್ಲೀವ್ ಸರ್ಜರಿಯಲ್ಲಿ ಜಠರದ ಸುಮಾರು ಶೇ 80ರಷ್ಟು ಭಾಗವನ್ನೇ ತೆಗೆದು, ಉಳಿದದ್ದನ್ನು ಸ್ಟೇಪಲ್ (ಲೋಹದ ಸಣ್ಣ ಪಿನ್ನು) ಹಾಕಿ ಮುಚ್ಚುತ್ತಾರೆ. ಆ ಜಾಗ ಸೋರುವುದು ಅಪರೂಪ. ಸೋರಿದರೆ ಮಾತ್ರ ಎಷ್ಟೋ ಸಲ ಕೆಲವು ದಿನ ಕಳೆದ ಮೇಲೆಯೇ ಗೊತ್ತಾಗುತ್ತದೆ. ಅಂದರೆ ಒಂದು ರಾತ್ರಿ ವಾರ್ಡಿನಲ್ಲಿ ಇಟ್ಟುಕೊಂಡರೂ ಅದು ಕಣ್ಣಿಗೆ ಬೀಳದೆ ಹೋಗಬಹುದು. ಎದೆಬಡಿತ ಜೋರಾಗುವುದು, ಜ್ವರ, ಹೊಟ್ಟೆನೋವು ಹೆಚ್ಚುವುದು ಇದರ ಸೂಚನೆ. ಮನೆಯವರು ಇದನ್ನು ಸುಮ್ನೆ ಸುಸ್ತು ಅಂದುಕೊಂಡರೆ ಜೀವಕ್ಕೇ ಅಪಾಯ. ಗುಟುಕು ನೀರೂ ಇಳಿಯದೆ ನಿರ್ಜಲೀಕರಣ ಆಗುವವರೂ ಇದ್ದಾರೆ. ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇದ್ದವರ ಮೊದಲ ರಾತ್ರಿಯ ಬಗ್ಗೆಯಂತೂ ಜಾಸ್ತಿ ಎಚ್ಚರ ಬೇಕು.

ಆದ್ದರಿಂದ ರೋಗಿ ನೀರು ಕುಡಿದು, ನಡೆದಾಡಿದ ಮೇಲೆಯೇ ಡಿಸ್ಚಾರ್ಜ್ ಮಾಡಲಿ. ಅಪಾಯದ ಸೂಚನೆಗಳನ್ನು ಮನೆಯವರಿಗೆ ಕೂರಿಸಿ ವಿವರಿಸಲಿ. ಮರುದಿನ ಬೆಳಿಗ್ಗೆಯಿಂದ ಒಂದು ವಾರ ನರ್ಸ್ ದಿನವೂ ಫೋನ್ ಮಾಡಲಿ. ನಡುರಾತ್ರಿಯಲ್ಲೂ ಎತ್ತುವ ಒಂದು ನಂಬರನ್ನು ಡಿಸ್ಚಾರ್ಜ್ ಚೀಟಿಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದುಕೊಡಲಿ.

– ಒಬ್ಬ ಓದುಗ